ಎಂಟರ್ ಒತ್ತುವ ಮುಂಚೆ

ಎದುರಿನಿಂದ ನೋಡಿದರೆ ನಮ್ಮ ಸರ್‌ನಷ್ಟು ನಿರಾಳವಾದ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸುತ್ತಿತ್ತು. ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು, ಮುಖದಲ್ಲಿ ಸಣ್ಣ ನಗು, ಎರಡೂ ಕೈ ಬೆನ್ನ ಹಿಂದೆ. ಆದರೆ ಲ್ಯಾಬಿನಲ್ಲಿ ನನ್ನ ಜಾಗ ಬಾಗಿಲ ಪಕ್ಕದ ಕೊನೆಯ ಕಂಪ್ಯೂಟರು. ಅವರು ಸಾಲುಗಳ ನಡುವೆ ನಿಂತು ಮುಂದಿನವರ ಕಡೆ ಮುಖ ಮಾಡಿ ಪಾಠ ಹೇಳುವಾಗ ನನಗೆ ಕಾಣುತ್ತಿದ್ದುದು ಅವರ ಬೆನ್ನು. ಅಲ್ಲಿ ಆ ಎರಡು ಕೈಗಳು ಒಂದು ನೀಲಿ ಗೀರಿನ ಕರ್ಚೀಫನ್ನು ಹಿಂಡುತ್ತಿದ್ದವು, ಬಿಡಿಸುತ್ತಿದ್ದವು, ಮತ್ತೆ ಹಿಂಡುತ್ತಿದ್ದವು. ಪಾಠ ಮುಗಿಯುವ ಹೊತ್ತಿಗೆ ಕರ್ಚೀಫು ಹಗ್ಗವಾಗಿರುತ್ತಿತ್ತು. ಅದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು ಅಂದರೆ ಕೆಟ್ಟದಾಗಿ ಕೇಳಿಸಬಹುದು, ಆದರೆ ಆಗುತ್ತಿತ್ತು. ಆ ಕೋಣೆಯಲ್ಲಿ ಹೆದರಿದವಳು ನಾನೊಬ್ಬಳೇ ಅಲ್ಲ ಎಂದು ಗೊತ್ತಾಗಿದ್ದು ಹಾಗೆ.

ಸಂಡೂರಿನ ಹತ್ತಿರದ ನಮ್ಮ ಕ್ಯಾಂಪಸ್ಸಿನಲ್ಲಿ ಅವರು ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕರು. ಕೂದಲು ಅರ್ಧ ಬೆಳ್ಳಗಾಗಿದ್ದರೂ ಅತಿಥಿಯೇ. ಕಡ್ಡಿರಾಂಪುರದಿಂದ ಹೊಸಪೇಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಅದಿರಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಬರುತ್ತಿದ್ದರು. ಪ್ರತಿ ವರ್ಷ ಹೊಸ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ಕಾಯಬೇಕು. ಸೀಮೆಸುಣ್ಣ ಹಿಡಿದರೆ ಅವರ ಮುಂದೆ ಯಾರೂ ಇಲ್ಲ. ಆದರೆ ಸಿಲಬಸ್ಸು ಬದಲಾಗಿ, ಆರ್ ಎಂಬ ಒಂದೇ ಅಕ್ಷರದ ಹೆಸರಿನ ಸಾಫ್ಟ್‌ವೇರಿನ ಪೇಪರು ಬಂತು. ಕಾಯಂ ಪ್ರೊಫೆಸರುಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅತಿಥಿಗೆ ಒಲ್ಲೆ ಅನ್ನುವ ಹಕ್ಕೆಲ್ಲಿ? ಪೇಪರು ಇವರ ಕೊರಳಿಗೆ ಬಿತ್ತು. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ತಾವು ಕಲಿತದ್ದನ್ನು ಮಾರನೆಯ ದಿನ ನಮಗೆ ಕಲಿಸುತ್ತಿದ್ದರು. ಅದನ್ನು ಮುಚ್ಚಿಡಲೂ ಇಲ್ಲ.

ಇನ್ನು ನನ್ನ ಪಾಡು. ನಾನು ಬಂಡ್ರಿಯವಳು. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದ. ಅವ್ವ ಕೂಲಿಗೆ ಹೋದ ಹೊಲದಲ್ಲೆಲ್ಲ "ನನ್ ಮಗಳು ಕಂಪ್ಯೂಟರ್‌ನಾಗ ಲೆಕ್ಕ ಮಾಡೋದು ಓದಾಕತ್ತಾಳ" ಎಂದು ಹೇಳಿಕೊಂಡು ಬರುತ್ತಿದ್ದಳು. ಆ ಮಾತು ನನ್ನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಏಕೆಂದರೆ ಕಂಪ್ಯೂಟರನ್ನು ಮುಟ್ಟಲು ನನಗೆ ಜೀವ ಹೋಗುವಷ್ಟು ಭಯ. ಈ ಪೇಪರು ಹೋದರೆ ಒಂದು ವರ್ಷ ಹೋಯಿತು. ಇನ್ನೊಂದು ವರ್ಷ ಓದಿಸಿ ಎಂದು ಅಪ್ಪನ ಮುಂದೆ ನಿಲ್ಲುವ ಮುಖ ನನಗಿರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಸರಾಸರಿ ತೆಗೆಯುವ ಆದೇಶ ಟೈಪ್ ಮಾಡಬೇಕಿತ್ತು. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದಂತೆ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದೆ. ಆ ಸಾಫ್ಟ್‌ವೇರಿಗೆ ಅದು ಆಗಿಬರುವುದಿಲ್ಲ. ಪರದೆಯ ಮೇಲೆ ಕೆಂಪಕ್ಷರದ ಸಾಲು ಮೂಡಿತು. ಸರ್ಕಾರದ ಮಷೀನು ಕೆಡಿಸಿದೆ ಎಂದುಕೊಂಡವಳೇ ಪಕ್ಕದ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟೆ. ನಮ್ಮ ಸಾಲಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು. ಸಾಲಿನವರು ಹಿಡಿಶಾಪ ಹಾಕಿದರು. ಸರ್ ನನ್ನ ಹತ್ತಿರ ಬಂದು ನಿಂತರು.

"ಏನಾತು ತಂಗಿ? ಯಾಕ ಬಂದ್ ಮಾಡಿದಿ?"

"ಕೆಂಪು ಬಂತ್ರಿ ಸರ್. ಕೆಟ್ಟು ಹೋತು ಅನಿಸ್ತು."

"ಅದು ಕೆಡೂದಿಲ್ಲ ಬಿಡು. ನನಗೂ ನಿನ್ನೆ ಮನ್ಯಾಗ ಭಾಳ ಸಲ ಬಂತು. ಕೆಂಪು ಬಂದ್ರ ಹೆದರಬ್ಯಾಡ. ನನಗ ತಿಳೀಲಿಲ್ಲ ಅಂತ ಬಾಯಿಬಿಟ್ಟು ಹೇಳತೈತಿ ಅದು. ತಪ್ಪು ಕೊಟ್ರೂ ಏನೂ ಅನ್ನದಂಗ ಉತ್ತರ ಕೊಡ್ತೈತಲ್ಲ, ಆವಾಗ ಹೆದರು."

ಆ ತಪ್ಪು ಉತ್ತರವನ್ನು ಹಿಡಿಯಲೆಂದೇ ಅವರು ಒಂದು ಕಟ್ಟಳೆ ಮಾಡಿದ್ದರು. ಎಂಟರ್ ಒತ್ತುವ ಮುಂಚೆ ಏನು ಬರಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಉತ್ತರ ಬಂದ ಮೇಲೆ ಎಲ್ಲರೂ ನಾನೂ ಇದನ್ನೇ ಅಂದುಕೊಂಡಿದ್ದೆ ಅನ್ನುತ್ತಾರಂತೆ. ಕಂಪ್ಲಿಯ ಬಾಳೆಗೊನೆಗಳ ತೂಕದ ಅಂಕಿ ಕೊಟ್ಟರೆ, ಗೊನೆಯನ್ನು ಎತ್ತಿ ನೋಡಿದವರಂತೆ ಮೊದಲು ನಾವು ತೂಕ ಹೇಳಬೇಕು. "ಗೊತ್ತಿಲ್ರಿ ಸರ್" ಎಂದರೆ, "ಗೊತ್ತಿಲ್ಲಂದ್ರ ಕೈ ತಗಿ. ಮಷೀನ್ ಹೇಳಿದ್ದು ಸುಳ್ಳು ಅಂತ ನಿನಗ ಹೆಂಗ ಗೊತ್ತಾಗಬೇಕು?" ಅನ್ನುತ್ತಿದ್ದರು. ನಮ್ಮ ಲ್ಯಾಬು ಸಂತೆಯ ಹಾಗೆ ಗದ್ದಲವಾಗಿರುತ್ತಿತ್ತು. ಕ್ಯಾಂಟೀನಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಂದರೆ, "ಮೊದ್ಲು ಖಾರ ಎಷ್ಟೈತಿ ಹೇಳ್ರಲೇ, ಆಮ್ಯಾಲೆ ಕಡೀರಿ" ಎಂದು ಹುಡುಗರು ಅವರನ್ನು ಅಣಕಿಸುತ್ತಿದ್ದರು. ಅಂದಾಜು ಸರ್ ಎಂಬ ಅಡ್ಡಹೆಸರು ಕಾಯಂ ಆಯಿತು. ಕಾಯಂ ಆದದ್ದು ಅದೊಂದೇ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನಗೆ ಬೆಳಗಿನಿಂದ ನೀರೂ ಇಳಿದಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯ ಪ್ರೊಫೆಸರು, ಗಡಸು ಮುಖದವರು. ಅತಿಥಿಗಳ ಹೊಸ ಪಟ್ಟಿಗೆ ಸಹಿ ಹಾಕುವ ಸಮಿತಿಯಲ್ಲೂ ಅವರಿದ್ದಾರೆ ಎಂಬ ಮಾತಿತ್ತು. ಕೋಣೆ ಎಂದೂ ಇಲ್ಲದಷ್ಟು ಮೌನವಾಗಿತ್ತು. ಯಾವುದೋ ಊರಿನ ಮುದುಕಿಯರ ತೂಕದ ಅಂಕಿಗಳನ್ನು ನಮ್ಮ ಕಂಪ್ಯೂಟರುಗಳಿಗೆ ಹಾಕಿದ್ದರು. ಸರಾಸರಿ ತೂಕ ಎಷ್ಟು? ಸಣ್ಣಕ್ಷರದಲ್ಲೇ ಆದೇಶ ಬರೆದೆ. ಬೆರಳು ಎಂಟರ್ ಮೇಲೆ ಹೋಯಿತು. ಅಷ್ಟೇ, ಅಭ್ಯಾಸ ಬಲದಿಂದ ಬಾಯಿ ತಾನಾಗಿ ತೆರೆದುಕೊಂಡಿತು.

"ಐವತ್ತು!" ಎಂದೆ. ಮೆಲ್ಲಗಲ್ಲ, ದಿನವೂ ಹೇಳುವಷ್ಟೇ ಜೋರಾಗಿ.

ಎಲ್ಲರೂ ತಿರುಗಿದರು. ಪರೀಕ್ಷಕರು ಎದ್ದು ಬಂದರು. "ಯಾರಿಗಮ್ಮ ಉತ್ತರ ಹೇಳಿಕೊಡ್ತಾ ಇರೋದು? ಕಾಪಿನಾ? ಏಳು ಮೇಲೆ. ಡಿಬಾರ್ ಮಾಡ್ತೀನಿ."

ನಾನು ಎದ್ದು ನಿಂತೆ. ಅವ್ವ ಹೊಲದಲ್ಲಿ ಇನ್ನು ಏನು ಹೇಳುತ್ತಾಳೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆಗ ಮೂಲೆಯಲ್ಲಿ ನಿಂತಿದ್ದ ಸರ್ ನನ್ನ ಮತ್ತು ಪರೀಕ್ಷಕರ ನಡುವೆ ಬಂದು ನಿಂತರು. ನನಗೆ ಮತ್ತೆ ಕಂಡದ್ದು ಬೆನ್ನು, ಕೈ, ಕರ್ಚೀಫು. ಅದು ಹರಿದುಹೋಗುತ್ತದೆ ಎಂದುಕೊಂಡೆ.

"ತಪ್ಪು ತಿಳ್ಕೋಬ್ಯಾಡ್ರಿ ಸರ್. ಅಕಿ ಹೇಳಿದ್ದು ಉತ್ತರ ಅಲ್ರಿ, ಅಂದಾಜು. ಎಂಟರ್ ಒತ್ತೂಕಿಂತ ಮುಂಚೆ ಹೇಳಬೇಕು ಅಂತ ನಾನ ರೂಢಿ ಮಾಡಿಸೀನಿ. ಬೈಯೂದಿದ್ರ ನನಗ ಬೈರಿ."

"ಪರೀಕ್ಷೆಯಲ್ಲಿ ಕೂಗೋದಾ? ಇದೇನ್ರೀ ನೀವು ಕಲಿಸೋದು?"

ಸರ್ ತಿರುಗಿ ನನ್ನನ್ನು ಕೇಳಿದರು: "ತಂಗಿ, ಎಂಟರ್ ಒತ್ತು. ಮಷೀನ್ ಏನಂತೈತಿ?"

ಒತ್ತಿದೆ. ಕೆಂಪು ಬರಲಿಲ್ಲ. "ನೂರ ನಲವತ್ತೈದ್ರಿ ಸರ್."

"ಒಬ್ಬೊಬ್ಬ ಮುದುಕಿ ನೂರ ನಲವತ್ತೈದು ಕೇಜಿ. ನಂಬ್ತೀ ಏನು?"

ಮಷೀನು ಒಂದು ಕಡೆ, ಪ್ರೊಫೆಸರು ಇನ್ನೊಂದು ಕಡೆ, ನಡುವೆ ಬಂಡ್ರಿಯ ನಾನು. "ಇಲ್ರಿ ಸರ್, ನಂಬೂದಿಲ್ಲ" ಎಂದೆ.

ಪರೀಕ್ಷಕರು ಬಗ್ಗಿ ನನ್ನ ಪರದೆಯ ಅಂಕಿಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಒಂದೆರಡು ಕಡೆ ಒಂಬೈನೂರ ತೊಂಬತ್ತೊಂಬತ್ತು ಎಂದಿತ್ತು. ತೂಕ ಸಿಗದವರ ಮುಂದೆ ಗುರುತಿಗೆಂದು ಹಾಕಿದ ಅಂಕಿ ಅದು. ಅದನ್ನು ಬಿಟ್ಟು ಲೆಕ್ಕ ಮಾಡಿ ಎಂದು ನಮಗೆ ಹೇಳಲು ಅವರು ಮರೆತಿದ್ದರು. ಮಷೀನು ಅದನ್ನೂ ತೂಕವೆಂದೇ ತಿಳಿದು ಕೂಡಿಸಿತ್ತು. ಅವರು ತಮ್ಮ ಕೈಯಲ್ಲಿದ್ದ ಉತ್ತರದ ಹಾಳೆಯನ್ನು ನೋಡಿಕೊಂಡು, ಮಡಚಿ ಜೇಬಿಗೆ ಹಾಕಿಕೊಂಡರು. ಆ ಅಂಕಿ ಬಿಟ್ಟು ಮಾಡಿ ಎಂದು ಎಲ್ಲರಿಗೂ ಹೇಳಿದರು. ನನಗೆ "ಕೂತ್ಕೋಮ್ಮ" ಎಂದರು. ಸಂಜೆ ಬಸ್ಸಿನಲ್ಲಿ ಗೆಳತಿಯರೆಲ್ಲ, ನಮಗೂ ಅನುಮಾನ ಬಂದಿತ್ತು, ಬಾಯಿಬಿಡಲು ಹೆದರಿದೆವು ಎಂದರು.

ನಾನು ಪಾಸಾದೆ. ಮುಂದಿನ ವರ್ಷದ ಪಟ್ಟಿಯಲ್ಲಿ ಸರ್ ಹೆಸರಿರಲಿಲ್ಲ. ತಡೆಯಲಾಗದೆ ಫೋನ್ ಮಾಡಿ, ನನ್ನಿಂದಲೇ ಹೀಗಾಯಿತು ಎಂದು ಅತ್ತೆ. ಅವರು ನಕ್ಕುಬಿಟ್ಟರು. "ಎರಡು ಒಂದರ ಹಿಂದ ಒಂದು ಆದ್ವು ಅಂದ್ರ, ಒಂದರಿಂದ ಇನ್ನೊಂದು ಆತು ಅಂತಲ್ಲ. ಇಷ್ಟು ಕಲಿಸಿದ್ದು ಮರತೇನು?" ನಾನು ಇವತ್ತಿಗೂ ಅವರ ಆ ಪಾಠವೊಂದನ್ನು ಒಪ್ಪಿಲ್ಲ.

ಈಗ ನಾನು ಆರೋಗ್ಯ ಸಮೀಕ್ಷೆಯ ಅಂಕಿ-ಅಂಶ ನೋಡುವ ಕೆಲಸದಲ್ಲಿದ್ದೇನೆ. ನನ್ನ ಭಯ ಹೋಗಿದೆ ಅಂದುಕೊಳ್ಳಬೇಡಿ. ಮಕ್ಕಳ ತೂಕ, ಬಾಣಂತಿಯರ ರಕ್ತದ ಅಂಕಿ ಪರದೆಯ ಮೇಲೆ ಬಂದಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಬಾಯಿಬಿಟ್ಟು ಅಂದಾಜು ಹೇಳಿಯೇ ಎಂಟರ್ ಒತ್ತುತ್ತೇನೆ. ಆಫೀಸಿನವರು ಮೇಡಂ ಜಪ ಶುರುವಾಯಿತು ಎಂದು ನಗುತ್ತಾರೆ.

ಸರ್‌ಗೆ ಹುಷಾರಿಲ್ಲವೆಂದು ತಿಳಿದು ಕಡ್ಡಿರಾಂಪುರಕ್ಕೆ ಹೋದೆ. ಬುದ್ಧನ ಪಟದ ಕೆಳಗಿನ ಮಂಚದಲ್ಲಿ ಮಲಗಿದ್ದರು. ಅರ್ಧಕ್ಕಿಳಿದಿದ್ದರು. ಕೈಗಳೆರಡೂ ಚಾದರದ ಮೇಲೆ ಸುಮ್ಮನೆ ಇದ್ದವು. ಕರ್ಚೀಫು ಇರಲಿಲ್ಲ. ಆ ಕೈಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಾಳೆ ರಿಪೋರ್ಟ್ ಬರ್ತೈತಿ. ಏನ್ ಬರಬಹುದು, ಹೇಳು ನೋಡೋಣು" ಎಂದರು.

ನನಗೆ ಅಂದಾಜಿತ್ತು. ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ರಿ ಸರ್" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. "ಇರ್ಲಿ ಬಿಡು" ಎಂದರು. "ಚಾ ಕುಡುದು ಜಲ್ದಿ ಹೊಂಡು. ಸಂಡೂರು ಬಸ್ ತಪ್ಪಿದ್ರ ನಿಮ್ಮವ್ವ ಗಾಬ್ರಿ ಆಗ್ತಾಳ."

ಮರುದಿನ ಅವರ ಹೆಂಡತಿ ಫೋನ್ ಮಾಡಿ ರಿಪೋರ್ಟಿನಲ್ಲಿ ಏನು ಬಂದಿದೆ ಎಂದು ಹೇಳಿದರು. ನಾನು ಹೆದರಿದ್ದೇ ಬಂದಿತ್ತು. ಆಮೇಲೆ ಸರ್ ಬಹಳ ದಿನ ಉಳಿಯಲಿಲ್ಲ.

"ನೀನು ಆ ಕಡೆ ಹೋದ ಮ್ಯಾಲೆ ನನ್ನ ಕರದು ಕುಂದ್ರಿಸ್ಕೊಂಡು ರಿಪೋರ್ಟಿನ್ಯಾಗ ಇದ ಬರ್ತೈತಿ ಅಂತ ಮೊದಲ ಹೇಳಿದ್ರವ್ವ" ಎಂದಿದ್ದರು ಆಕೆ ಆ ದಿನದ ಫೋನಿನಲ್ಲಿ. "ಆ ಹುಡುಗಿ ಕಡಿಂದ ಹೇಳಿಸಬಾರದಿತ್ತು, ಪಾಪ, ಭಾಳ ಹೆದರಿಕಿ ಅಕಿಗೆ, ಅಂದ್ರು."