ರೊಟ್ಟಿ ಬಡಿಯುವ ಭುಜಕ್ಕೆ ಸ್ಕ್ಯಾನಿಂಗ್

ಮಸ್ಕಿ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಖಾನಾವಳಿ. ಒಳಗೆ ರೊಟ್ಟಿ ಬಡಿಯುವವಳು ನಾನು, ಹೊರಗೆ ಗಲ್ಲಾದ ಮೇಲೆ ಕೂರುವವರು ನಮ್ಮ ಮನೆಯವರು. ಕಳೆದ ವರ್ಷ ನನ್ನ ಬಲಭುಜಕ್ಕೆ ನೋವು ಬಂತು. ಮೊದಮೊದಲು ಬಡಿಯುವಾಗ ಮಾತ್ರ ಇತ್ತು. ಆಮೇಲೆ ಹೆರಳು ಹಾಕಿಕೊಳ್ಳಲೂ ಕೈ ಮೇಲೇಳದಾಯಿತು. ಲಿಂಗಸುಗೂರಿನಲ್ಲಿ ಎಕ್ಸ್-ರೇ ತೆಗೆಸಿದೆವು. ಎಲುಬು ಸರಿಯಿದೆ ಎಂದರು. ನಮ್ಮವರಿಗೆ ಅಷ್ಟೇ ಸಾಕಾಯಿತು.

"ಎಲುಬು ಗಟ್ಟಿ ಐತಿ ಅಂದಾರಲ್ಲ, ಇನ್ನೇನ ಆಗೈತಿ ನಿನಗ?"

ನನಗೆ ಮೈಯೆಲ್ಲ ಉರಿಯಿತು. ನೋವಾದರೂ ತಡೆದೇನು, ನೆಪ ಹೇಳುತ್ತಿದ್ದೇನೆ ಎನ್ನುವ ಆ ನೋಟ ತಡೆಯಲಾಗಲಿಲ್ಲ. ಸಿಂಧನೂರಿನಲ್ಲಿ ಭುಜಕ್ಕೂ ಸ್ಕ್ಯಾನಿಂಗ್ ಮಾಡುತ್ತಾರೆಂದು ಊಟಕ್ಕೆ ಬರುವ ನರ್ಸ್ ಒಬ್ಬಳು ಹೇಳಿದ್ದಳು. ಏನಾಗಿದೆಯೆಂದು ತಿಳಿಯುವವರೆಗೆ ಹಿಟ್ಟು ಮುಟ್ಟುವುದಿಲ್ಲ ಎಂದು ಹಟ ಹಿಡಿದು, ನಮ್ಮವರನ್ನೂ ಗಲ್ಲಾದಿಂದ ಎಬ್ಬಿಸಿಕೊಂಡು ಬಸ್ ಹತ್ತಿದೆ.

ನಾನು ಕಂಡ ಸ್ಕ್ಯಾನಿಂಗ್ ಎಂದರೆ ಬಸುರಿಯರದ್ದು. ಹಾಗಾಗಿ ದಾರಿಯುದ್ದಕ್ಕೂ ನೀರು ಕುಡಿದು, ಉಚ್ಚೆ ಬಿಗಿಹಿಡಿದು ಕೂತಿದ್ದೆ. ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ಅದನ್ನು ಕೇಳಿ ನಕ್ಕುಬಿಟ್ಟರು.

"ಭುಜಕ್ಕ ನೀರು ಯಾಕ್ರಿ ಅಕ್ಕಾರ? ಮೊದ್ಲ ಹೋಗಿ ಬರ್ರಿ."

ಬಂದ ಮೇಲೆ ಭುಜಕ್ಕೆ ತಣ್ಣನೆಯ ಜೆಲ್ ಸವರಿದರು. ಕೈಯನ್ನು ಬೆನ್ನ ಹಿಂದೆ ಇರಿಸಿ ನೋಡಿದರು, ಪಕ್ಕಕ್ಕೆ ಎತ್ತಿಸಿ ನೋಡಿದರು. ನಾನು ಎತ್ತಿದಂತೆ ಪರದೆಯ ಮೇಲೆ ಒಳಗಿನದೆಲ್ಲ ಸರಿದಾಡುತ್ತಿತ್ತು. ಬಿಳಿ ಪಟ್ಟಿಯೊಂದರ ನಡುವೆ ಕಪ್ಪು ಸೀಳು ಕಾಣುತ್ತಲೇ ನಮ್ಮವರನ್ನು ಹತ್ತಿರ ಕರೆದರು.

"ಇದು ತೋಳು ಎತ್ತೋ ನಾರು ನೋಡ್ರಿ. ಎಕ್ಸ್-ರೇದಾಗ ಕಾಣಂಗಿಲ್ಲ. ಅರ್ಧ ಹರದೈತಿ. ಹಿಂಗ ಬಡಕೋಂತ ಹೋದ್ರ ಪೂರಾ ಹರೀತೈತಿ, ಆಮ್ಯಾಲ ಆಪರೇಷನ್ನೇ. ಈಗ ರೊಟ್ಟಿ ಬಡಿಯೋದು ಬಿಡಿಸ್ರಿ, ವ್ಯಾಯಾಮ ಮಾಡಿಸ್ರಿ."

"ಖರೇನ ಹರದೈತೇನ್ರಿ?" ನಮ್ಮವರ ದನಿ ಇಳಿದಿತ್ತು.

ಹರಿದಿದೆ ಎಂದರೆ ಯಾರಾದರೂ ಸಂತೋಷಪಡುತ್ತಾರೆಯೇ? ನಾನು ಪಟ್ಟೆ. ಕಣ್ಣಲ್ಲಿ ನೀರೇ ಬಂತು.

ಮರುದಿನ ಬೆಳಿಗ್ಗೆ ಅವರನ್ನೇ ಒಲೆಯ ಮುಂದೆ ಕೂರಿಸಿದೆ.

"ಗಂಡಸು ರೊಟ್ಟಿ ಬಡದ್ರ ಮಂದಿ ನಗ್ತಾರಲೇ."

"ನಗಲಿ ಬಿಡ್ರಿ. ನಕ್ಕವರೂ ಉಂಡೇ ಹೋಗ್ತಾರ."

ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಬಡಿದರು. ರೊಟ್ಟಿ ದಪ್ಪವಾದವು, ಅಂಚು ಒಡೆದವು, ಆದರೆ ಬೆಂದವು. ಮಧ್ಯಾಹ್ನ ಗಲ್ಲಾದ ಮೇಲೆ ನಾನಿದ್ದೆ. ಲಾರಿ ಡ್ರೈವರೊಬ್ಬ ತಾಟಿನಲ್ಲಿದ್ದುದನ್ನು ತಿರುವಿ ನೋಡಿದ.

"ಇವತ್ತ ರೊಟ್ಟಿ ಬ್ಯಾರೆ ಅದಾವಲ್ಲಬೇ, ಯಾರು ಬಡದಾರ?"

ಒಳಗಿನಿಂದ ಅವರು ಸುಮ್ಮನಿರೆಂದು ಕೈಸನ್ನೆ ಮಾಡಿದರು. ನಾನು ಎದ್ದು ಹೋಗಿ ಎಡಗೈಯಿಂದ ಬಾಗಿಲನ್ನು ಪೂರ್ತಿ ತೆರೆದೆ.

"ನಮ್ಮ ಮನಿಯವರು. ಇನ್ನ ಮ್ಯಾಲ ಅವರೇ."