ಬಲ ಹೆಜ್ಜೆಗೆ ಎರಡು ಹಾಳೆ ಹೆಚ್ಚು

ಆ ದಿನಗಳಲ್ಲಿ ತಾಂಡೂರಿನ ನಮ್ಮ ಓಣಿಗೆ ಸಂಜೆಯಾಗುತ್ತಿದ್ದುದೇ ಅಪ್ಪಂದಿರು ಕಲ್ಲಿನ ಪಾಲಿಶ್ ಕಾರ್ಖಾನೆಯಿಂದ ಮರಳಿದಾಗ. ಹುಬ್ಬಿಗೂ ಬಿಳಿ ಪುಡಿ ಮೆತ್ತಿರುತ್ತಿತ್ತು. ಒದ್ದೆ ಕಲ್ಲಿನ ವಾಸನೆಗೆ ಒಲೆಯ ಮೇಲಿನ ತೊಗರಿಬೇಳೆಯ ವಾಸನೆ ಕೂಡಿತೆಂದರೆ ಅಪ್ಪ ಬಂದನೆಂದೇ ಲೆಕ್ಕ.

ನಾನಾಗ ಏಳನೇ ತರಗತಿ. ಶಾಲೆಯ ಪ್ರದರ್ಶನಕ್ಕೆ ಪುಟ್ಟ ಅನಿಮೇಷನ್ ಮಾಡಿ ತರಲು ಕಂಪ್ಯೂಟರ್ ಸರ್ ಹೇಳಿದ್ದರು. ಮಣ್ಣಿನ ಗೊಂಬೆಯನ್ನು ಚೂರುಚೂರೇ ಸರಿಸಿ ಫೋಟೊ ತೆಗೆಯಬಹುದು, ಕಾಗದದ ಗೊಂಬೆಯ ಕೈಕಾಲು ಆಡಿಸಬಹುದು, ಇಲ್ಲವೇ ಹಾಳೆಗೊಂದು ಚಿತ್ರ ಬರೆದು, ಹೊಲಿದು ಪುಟ್ಟ ಪುಸ್ತಕ ಮಾಡಿ, ಚಿತ್ರ ಚಲಿಸಿದಂತೆ ಕಾಣಲು ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಹಾರಿಸಬಹುದು.

"ಮೊದಲ ಹಾಳಿ ಮ್ಯಾಲ ಚೌಕ ಹಾಕಿ, ಒಂದೊಂದರಾಗ ಕಥಿ ಒಂದೊಂದ್ ಚಿತ್ರ ಬರ್ಕೊರಿ, ಆಮ್ಯಾಲ ಕೈ ಹಚ್ರಿ," ಎಂದಿದ್ದರು.

ನಾನು ಮೊದಲೇ ಕೈ ಹಚ್ಚಿದೆ. ಅವ್ವನ ಜೋಳದ ಹಿಟ್ಟು ಕದ್ದು ಮಾಡಿದ ಗೊಂಬೆ ಮಧ್ಯಾಹ್ನಕ್ಕೇ ಬಿರುಕು ಬಿಟ್ಟು, ಇರುವೆ ಮುತ್ತಿ, ಬೈಗುಳ ತಂದಿತು. ಬುದ್ಧಿ ಬಂದ ಮೇಲೆ ಹಾಳೆಯಲ್ಲಿ ಚೌಕ ಹಾಕಿ ಕಥೆ ಬರೆಯಲು ಕೂತೆ. ಕಥೆ ಇಷ್ಟೇ: ಅಪ್ಪ ನಡೆದು ಬರುತ್ತಾನೆ. ನೋಡಿದವರು ನಾನು ಹೇಳುವ ಮೊದಲೇ ಅವನ ಗುರುತು ಹಿಡಿಯಬೇಕು. ಅದೊಂದೇ ನನ್ನ ಹಟ.

ಎರಡು ಹೆಜ್ಜೆಗೆ ಹದಿನಾರು ಹಾಳೆ ಬರೆದು ಹಾರಿಸಿದೆ. ಅವ್ವ ರೊಟ್ಟಿ ಬಡಿಯುತ್ತಲೇ ನೋಡಿ, "ಯಾರಿದು? ಪೊಲೀಸ ಬಂದಂಗ ಅದ!" ಎಂದಳು. ನನಗೆ ಅಳುವೇ ಬಂತು.

ಅಂದು ಸಂಜೆ ಅಪ್ಪನನ್ನು ಅಂಗಳದಲ್ಲಿ ಅತ್ತಿಂದಿತ್ತ ನಡೆಸಿದೆ.

"ಕನ್ಯಾ ನೋಡಾಕ ಬಂದೋರು ಸುದ್ದಾ ಇಷ್ಟ್ ನಡಸಲ್ಲವ್ವಾ!" ಎಂದ ಅಪ್ಪ.

"ನಿಮ್ಮವ್ವ ನನಗ ಮೂರ್ ಸಲ ನಡಸ್ಯಾರ. ಈಗ ನಿಮ್ ಪಾಳಿ, ನಡೀರಿ," ಎಂದಳು ಅವ್ವ ಒಳಗಿನಿಂದ.

ಆಗ ಕಂಡಿತು. ವರ್ಷಗಟ್ಟಲೆ ಕಲ್ಲುಚಪ್ಪಡಿ ಹೊತ್ತ ಅಪ್ಪನ ಬಲಭುಜ ಎಡಕ್ಕಿಂತ ತಗ್ಗು. ಬಲಗಾಲು ಊರಿದಾಗ ಮೈಯೆಲ್ಲ ಅತ್ತ ವಾಲಿ, ತುಸು ತಡೆದು ಮೇಲೇಳುತ್ತಿತ್ತು. ದಿನಾ ನೋಡುತ್ತಿದ್ದರೂ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಭುಜ ಇಳಿಸಿ, ಬಲ ಹೆಜ್ಜೆಗೆ ಎರಡು ಹಾಳೆ ಹೆಚ್ಚು ಕೊಟ್ಟು ಮತ್ತೆ ಬರೆದೆ.

ಹಾರಿಸಿದ್ದೇ ತಡ, ಅವ್ವ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯ, ಇದು ಖರೇ ನಿಮ್ಮಪ್ಪ!"

ನಾನು ಕುಣಿದೆ. ಅಪ್ಪ ಪುಸ್ತಕ ಇಸಿದುಕೊಂಡು ಒಮ್ಮೆ ಹಾರಿಸಿದ. ಆಮೇಲೆ ಇನ್ನೊಮ್ಮೆ, ಮೆಲ್ಲಗೆ.

"ನಾ ಹಿಂಗ ನಡೀತೀನೇನವ್ವಾ?"

"ಹೂಂ ಅಪ್ಪಾ, ಹಿಂಗೇ!" ಎಂದೆ ಹಿಗ್ಗಿನಿಂದ.

"ಛಲೋ ಬರ್ದೀ," ಎಂದು ತಲೆ ಸವರಿದ.

ಪ್ರದರ್ಶನದ ದಿನ ಎಲ್ಲರೂ ನನ್ನ ಪುಸ್ತಕ ಹಾರಿಸಿ ಹಾರಿಸಿ ನೋಡಿದರು. ಅಪ್ಪನೂ ಒಗೆದ ಬಿಳಿ ಅಂಗಿ ತೊಟ್ಟು ಬಂದ. ಎರಡೂ ಭುಜ ಸಮ ಮಾಡಿಕೊಂಡು, ನೆಟ್ಟಗೆ ನಡೆದು ಬಂದು ನನ್ನ ಪಕ್ಕ ನಿಂತ. ಪುಸ್ತಕ ಹಿಡಿದಿದ್ದ ಗೆಳತಿ ಅವನೆದುರಿಗೇ ನನ್ನನ್ನು ಕೇಳಿದಳು: "ನಿಮ್ಮಪ್ಪ ಬರ್ಲಿಲ್ಲೇನ?"

ಈಗ ನಾನೇ ಮಕ್ಕಳಿಗೆ ಅನಿಮೇಷನ್ ಕಲಿಸುತ್ತೇನೆ. ಮೊದಲ ಹೆಜ್ಜೆ, ಕೊನೆಯ ಹೆಜ್ಜೆ ಬರೆದುಕೊಟ್ಟರೆ ನಡುವಿನದನ್ನು ಕಂಪ್ಯೂಟರೇ ತುಂಬುತ್ತದೆ. ಊರಿಗೆ ಹೋದಾಗ ಅಪ್ಪ ಬಸ್‌ಸ್ಟ್ಯಾಂಡಿಗೆ ಬರುತ್ತಾನೆ. ದೂರದಲ್ಲಿ ವಾಲುತ್ತ ಬರುತ್ತಿದ್ದವನು ನನ್ನನ್ನು ಕಂಡೊಡನೆ ಭುಜ ಎತ್ತಿ, ಹುಷಾರಾಗಿ ಹೆಜ್ಜೆ ಇಡುತ್ತಾನೆ. ನೋವಾಗುತ್ತದೆಂದು ಮುಖವೇ ಹೇಳುತ್ತದೆ. "ಅಪ್ಪಾ, ಮೊದಲಿನಂಗ ನಡಿ," ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ, ನಗುತ್ತಾನೆ, ಅಷ್ಟೇ. ಅವ್ವನ ಮುಂದೆ ಇಂದಿಗೂ ನಿರಾಳವಾಗಿ ವಾಲಿಯೇ ನಡೆಯುತ್ತಾನಂತೆ. ಆ ನಡಿಗೆ ಇಲ್ಲವಾದದ್ದು ಮನೆಯಲ್ಲಿ ನನಗೊಬ್ಬಳಿಗೇ.