ಮೇಜಿಗೆ ಕಟ್ಟಿಹಾಕಿದ ಪೈಲಟ್

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ನಾನು ಇಂಥದನ್ನು ಬರೆಯುತ್ತಿರುವುದು ಇದೇ ಮೊದಲು. ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ದಯವಿಟ್ಟು ಮನ್ನಿಸಬೇಕು.

ನಾನು ಮಸ್ಕತ್ತಿನಲ್ಲಿ, ಸೇನೆಯ ಪೈಲಟ್‌ಗಳ ನಿಯೋಜನೆಯ ಅವಧಿಯನ್ನು ನೋಡಿಕೊಳ್ಳುವ ಗುತ್ತಿಗೆ ಕಚೇರಿಯೊಂದರಲ್ಲಿ ಗುಮಾಸ್ತ. ಪೈಲಟ್ ಒಬ್ಬರನ್ನು ಮೇಜಿನ ಕೆಲಸಕ್ಕೆ ಹಾಕಿದರೆ, ಹಾರಾಟದ ರೂಢಿ ತಪ್ಪುವ ಮೊದಲೇ ಅವರನ್ನು ವಿಮಾನಕ್ಕೆ ಮರಳಿಸತಕ್ಕದ್ದು. ನಮ್ಮ ಕಚೇರಿ ಇರುವುದೇ ಅದಕ್ಕಾಗಿ. ಇಷ್ಟು ಸರಳ ವಿಷಯ ತಿಳಿಯದವರು ಅಲ್ಲಿ ಒಬ್ಬರೇ ಇದ್ದರು. ಅವರೇ ನಮ್ಮ ಮ್ಯಾನೇಜರ್.

ಸದರಿ ಮ್ಯಾನೇಜರ್ ನಮ್ಮ ಮಂಗಳೂರು ಕಡೆಯವರು. ವಿಮಾನದ ಬಗ್ಗೆ ಅವರಿಗಿದ್ದ ಅನುಭವವೆಂದರೆ ಊರಿಗೆ ಹೋಗುವಾಗ ಕಿಟಕಿ ಬದಿಯ ಸೀಟಿಗೆ ಹಟ ಹಿಡಿಯುವುದು. ಒಮಾನಿನದೇ ನಿಜ್ವಾ ಊರಿನ ಹೆಲಿಕಾಪ್ಟರ್ ಪೈಲಟ್ ಒಬ್ಬರು ನಮ್ಮಲ್ಲಿಗೆ ನಿಯೋಜನೆಯ ಮೇಲೆ ಬಂದು, ಸಭೆಗಳಿಗೆ ಅಂದವಾದ ಸ್ಲೈಡ್‌ಗಳನ್ನು ಮಾಡಿಕೊಟ್ಟು ಕೆಟ್ಟರು. ಅವಧಿ ಮುಗಿದಾಗ ಮ್ಯಾನೇಜರ್ ವಿಸ್ತರಣೆ ಬರೆಸಿದರು. ಅದು ಮುಗಿದಾಗ ಮತ್ತೊಂದು.

"ಸರ್, ಅವರು ಹಾರದೆ ತುಂಬ ಸಮಯ ಆಯ್ತಲ್ಲ?" ಎಂದೆ, ಹೆದರುತ್ತಲೇ.

"ನೀವೆಂತ ಮಾರಾಯ್ರೆ! ಸೈಕಲ್ ಕಲ್ತವ ಮರೀತಾನಾ? ಇವ ಹೋದ್ರೆ ಸ್ಲೈಡ್ ಮಾಡ್ಲಿಕ್ಕೆ ನೀವು ಬರ್ತೀರಾ?"

ಪೈಲಟ್ ಊಟದ ಬಿಡುವಿನಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಬಲಗೈ, ಅಲ್ಲಿಲ್ಲದ ಹಾರಾಟದ ಕೋಲನ್ನು ಹಿಡಿದಿರುತ್ತಿತ್ತು, ಎಡಗೈ, ಅಲ್ಲಿಲ್ಲದ ಲಿವರನ್ನು ಎತ್ತುತ್ತಿತ್ತು, ಮೇಜಿನಡಿ ಪಾದಗಳು ಪೆಡಲ್ ಒತ್ತುತ್ತಿದ್ದವು. ರೂಢಿ ತಪ್ಪದಿರಲೆಂದು ಪೈಲಟ್‌ಗಳು ಮಾಡುವ ಅಭ್ಯಾಸವದು. ಮ್ಯಾನೇಜರ್ ಬಾಗಿಲಲ್ಲಿ ನಿಂತು ನಕ್ಕರು: "ನೋಡಿ, ಕನಸಲ್ಲಿ ಗಾಡಿ ಬಿಡ್ತಾ ಇದ್ದಾನೆ!"

ಕನ್ನಡ ತಿಳಿಯದಿದ್ದರೂ ನಗು ತಿಳಿದಿರಬೇಕು. ಪೈಲಟ್ ಕಣ್ಣು ತೆರೆಯದೆ, ಇಲ್ಲಿನ ಹಲವರಂತೆ ತಮಗೂ ಬರುತ್ತಿದ್ದ ಹಿಂದಿಯಲ್ಲಿ ಹೇಳಿದರು: "ಮೇಲೇಳ್ತಾ ಇಲ್ಲ ಸಾಹೇಬ್, ನಿಮ್ಮ ಸ್ಲೈಡ್‌ಗಳ ಭಾರ ಜಾಸ್ತಿ."

ಕೊನೆಗೆ ಮೇಲಿನವರು ಅವರನ್ನು ಹಾರಾಟದ ಪರೀಕ್ಷೆಗೆ ಕರೆದರು. ಸಿಮ್ಯುಲೇಟರ್‌ನಲ್ಲಿ, ಮರಳಿನ ಧೂಳು ಎದ್ದಾಗ ಇಳಿಸುವ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಹಿಂತಿರುಗಿ ಬಂದವರು ತಮ್ಮ ಕೈಗಳನ್ನೇ ನೋಡುತ್ತ ನನ್ನೆದುರು ಕುಳಿತರು.

"ಕೈಗೆ ಎಲ್ಲ ಗೊತ್ತಿತ್ತು. ಆದ್ರೆ ತಡವಾಗಿ ನೆನಪಾಯ್ತು. ಖಲಾಸ್."

ಒಳಗೆ ಹೋಗಿ ಮ್ಯಾನೇಜರ್‌ಗೆ ವರದಿ ಮಾಡಿದೆ. ಅವರು ತಿನ್ನುತ್ತಿದ್ದ ಸಮೋಸವನ್ನು ಕೆಳಗಿಡಲೂ ಇಲ್ಲ.

"ಒಳ್ಳೇದೇ ಆಯ್ತು ಮಾರಾಯ್ರೆ. ಇನ್ನು ವಿಸ್ತರಣೆ ಕೇಳುವ ರಗಳೆಯೇ ಇಲ್ಲ. ಇಲ್ಲೇ ಇರ್ಲಿ."

ಸದರಿಯವರನ್ನು ಅಂದಿನಿಂದ ನಾನು ಮನಸ್ಸಿನಲ್ಲಿ ಏಕವಚನದಲ್ಲೇ ಕರೆಯುತ್ತಿದ್ದೇನೆ. ಈ ಬರಹದಲ್ಲಿ ಬಳಸಿದ ಬಹುವಚನ ಕೇವಲ ಕಚೇರಿಯ ರೂಢಿ. ಉಳಿದಂತೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ಓದುಗರು ದಯಮಾಡಿ ತಿದ್ದಿಕೊಡಬೇಕಾಗಿ ಕೋರುತ್ತೇನೆ.